ಸಿದ್ಧ ಸಜ್ಜೂ ಸ್ವಂತ ಸಜ್ಜೂ

ಮನುಷ್ಯನು ತನ್ನ ಕೈಯಲ್ಲಿರುವ ಉಪಕರಣವನ್ನು ಎಷ್ಟರ ಮಟ್ಟಿಗೆ ಅರಿತಿರಬೇಕು? ಈ ಪ್ರಶ್ನೆಯು ಹೊಸದಲ್ಲ. ನೇಗಿಲನ್ನು ಹಿಡಿದವನು ಬಡಗಿಯಾಗಿರಬೇಕಾದುದಿಲ್ಲ. ಲೇಖನಿಯನ್ನು ಹಿಡಿದವನು ಅದನ್ನು ತಾನೇ ಮಾಡಿಕೊಂಡಿರಬೇಕಾದುದೂ ಇಲ್ಲ. ಒಬ್ಬನ ಕೆಲಸವು ಮತ್ತೊಬ್ಬನ ಕೆಲಸದ ಮೇಲೆ ನಿಂತಿರುವುದರಿಂದಲೇ ಲೋಕವ್ಯವಹಾರವು ಸಾಗುತ್ತಿದೆ. ಆದರೆ ಉಪಕರಣವು ಕೆಲವು ವೇಳೆ ಅದನ್ನು ಹಿಡಿದವನಿಗೆ ತಿಳಿಯದಂತೆ ಅವನ ಕೆಲಸವನ್ನೇ ಬದಲಾಯಿಸಿಬಿಡುವುದುಂಟು. ಆಗ ತಪ್ಪು ಯಾರದು? ಮಾಡಿಕೊಟ್ಟವನದೋ, ವಿಚಾರಿಸದೆ ಹಿಡಿದವನದೋ? ಹಾಗೆ ಹಿಡಿದವನು ಮುಂದೆ ಏನು ಮಾಡತಕ್ಕದ್ದು? ಇವು ಯಂತ್ರಶಾಸ್ತ್ರಜ್ಞರಿಗೆ ಮಾತ್ರ ಸೇರಿದ ಪ್ರಶ್ನೆಗಳಲ್ಲ. ಧರ್ಮಾಧರ್ಮಗಳ ವಿಚಾರಕ್ಕೆ ಸೇರಿದ ಪ್ರಶ್ನೆಗಳು.

ವಿಷಯವು ಬರಿಯ ತರ್ಕದಲ್ಲಿ ತೇಲಿಹೋಗದಿರುವುದಕ್ಕಾಗಿ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಹರಿಹರ ತಾಲ್ಲೂಕಿನ ಭಾನುವಳ್ಳಿಯಲ್ಲಿ ಒಂದು ಮನೆ. ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ. ಆಕೆಯ ಮೊಮ್ಮಗನು ಒಬ್ಬ ಉಪಾಧ್ಯಾಯ. ಅಜ್ಜಿಗೆ ಬೀಸುವ ಪದ, ಕುಟ್ಟುವ ಪದ, ಸೋಬಾನೆಯ ಪದಗಳು ನೂರಾರು ಬರುತ್ತವೆ. ಬೀಸುವ ಕಲ್ಲು ಮನೆಯಿಂದ ಹೋಗಿ ಬಹಳ ಕಾಲವಾಯಿತು. ಕಲ್ಲಿನೊಡನೆ ಪದಗಳೂ ಹೋಗಬಾರದೆಂದು ಮೊಮ್ಮಗನು ಸಂಜೆಯ ಹೊತ್ತು ಆಕೆಯ ಎದುರಿಗೆ ಕುಳಿತು, ಆಕೆ ಹೇಳಿದುದನ್ನು ಕಂಪ್ಯೂಟರಿನಲ್ಲಿ ಬರೆದಿಡುತ್ತಿದ್ದಾನೆ. ಇಂತಹ ಮನೆಗಳೂ ಇಂತಹ ಮೊಮ್ಮಕ್ಕಳೂ ಯಾವ ಊರಿನಲ್ಲಿಯಾದರೂ ಇರಬಹುದಾದುದರಿಂದ, ಈ ದೃಷ್ಟಾಂತವು ಯಾರ ಮೇಲಣ ಆಕ್ಷೇಪವೂ ಅಲ್ಲ.

ಆ ತರುಣನು ಬರೆಯುವುದಕ್ಕೆ ಹಿಡಿದ ಉಪಕರಣವು ಟೆಕ್ಸ್ಟ್ ಎಡಿಟರು ಎಂಬ ಜಾತಿಯ ತಂತ್ರಾಂಶ. ಅಚ್ಚಿನ ಅಂದಚಂದಗಳ ಗೊಡವೆಯಿಲ್ಲದೆ ಬರಿಯ ಅಕ್ಷರಗಳನ್ನು ಬರೆದು, ಅಳಿಸಿ, ತಿದ್ದಿ ಇಟ್ಟುಕೊಳ್ಳುವುದಕ್ಕೆ ಅದು ಇರುವುದು. ಕಂಪ್ಯೂಟರಿನೊಳಗಿನ ಹಲಗೆ ಬಳಪವೆಂದರೂ ಸಲ್ಲುವುದು. ಇವುಗಳಲ್ಲಿ ಎರಡು ಬಹಳ ಹಳೆಯವು. ಈಮ್ಯಾಕ್ಸ್ ಎಂಬುದು 1976ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಹುಟ್ಟಿತು, ಅದರ ಈಗಿನ ರೂಪವನ್ನು ರಿಚರ್ಡ್ ಸ್ಟಾಲ್‌ಮನ್ ಎಂಬವರು 1985ರಲ್ಲಿ ಹೊರಗೆ ತಂದರು. ವಿಮ್ ಎಂಬ ಮತ್ತೊಂದನ್ನು, ಅದಕ್ಕೂ ಹಿಂದಿನ ವಿಐ ಎಂಬುದನ್ನು ಅನುಸರಿಸಿ, ಬ್ರಾಮ್ ಮೂಲೆನಾರ್ ಎಂಬ ಡಚ್ ಮಹಾಶಯರು 1991ರಲ್ಲಿ ಪ್ರಕಟಿಸಿದರು. ಎರಡಕ್ಕೂ ಬೆಲೆಯಿಲ್ಲ, ಎರಡರ ಒಳಗನ್ನೂ ಯಾರು ಬೇಕಾದರೂ ತೆರೆದು ನೋಡಬಹುದು, ತಮ್ಮ ಇಷ್ಟದಂತೆ ಬದಲಾಯಿಸಿಕೊಳ್ಳಲೂಬಹುದು. ಹಾಗೆ ಬದಲಾಯಿಸಿಕೊಳ್ಳುವ ಅಪ್ಪಣೆಗಳನ್ನೆಲ್ಲ ಒಂದು ಚಿಕ್ಕ ಫೈಲಿನಲ್ಲಿ ಬರೆದಿಟ್ಟರೆ, ಎಡಿಟರು ಎದ್ದೊಡನೆ ಅದನ್ನು ಓದಿಕೊಂಡು ಅದರಂತೆ ನಡೆಯುವುದು.

ಈ ಸ್ವಾತಂತ್ರ್ಯವೇ ಹೊಸಬರಿಗೆ ಭಾರವಾಯಿತು. ಏನನ್ನು ಬದಲಾಯಿಸಬೇಕೆಂದೇ ತಿಳಿಯದವನಿಗೆ ಎಲ್ಲವನ್ನೂ ಬದಲಾಯಿಸಬಹುದೆಂದು ಹೇಳಿದರೆ ಏನು ಪ್ರಯೋಜನ? ಆದಕಾರಣ ಅನುಭವವುಳ್ಳ ಕೆಲವರು ಕೂಡಿ, ಉಪಯುಕ್ತವೆಂದು ತಮಗೆ ತೋರಿದ ನೂರಾರು ಹೊಂದಾಣಿಕೆಗಳನ್ನು ಒಟ್ಟುಮಾಡಿ, ಸಿದ್ಧ ಸಜ್ಜುಗಳನ್ನು ಕಟ್ಟಿ ಲೋಕಕ್ಕೆ ಹಂಚಿದರು. ಈಮ್ಯಾಕ್ಸಿಗೆ ಸ್ಪೇಸ್‌ಮ್ಯಾಕ್ಸ್, ಡೂಮ್ ಎಂಬವೂ, ವಿಮ್‌ನಿಂದ 2014ರಲ್ಲಿ ಕವಲೊಡೆದ ನಿಯೋವಿಮ್‌ಗೆ ಲೇಜಿವಿಮ್ ಎಂಬುದೂ ಈ ಬಗೆಯವು. ಮದುವೆಯ ಮನೆಗೆ ಅಡಿಗೆಯ ಪಾತ್ರೆ, ಚಾಪೆ, ದೀಪಗಳೆಲ್ಲವೂ ಒಂದೇ ಗಾಡಿಯಲ್ಲಿ ಬಂದಿಳಿಯುವಂತೆ, ಇವುಗಳಲ್ಲಿ ಒಂದನ್ನು ಇಳಿಸಿಕೊಂಡರೆ ಸಕಲವೂ ಒಂದೇ ಗಳಿಗೆಯಲ್ಲಿ ಕೈಸೇರುವುದು. ಭಾನುವಳ್ಳಿಯ ಉಪಾಧ್ಯಾಯನು ಇಂತಹ ಒಂದು ಸಜ್ಜನ್ನು ಮೂರು ವರ್ಷ ಬಳಸಿದನು. ಅದರಿಂದಲೇ ಎಡಿಟರೆಂದರೇನೆಂಬುದನ್ನು ಅವನು ಕಲಿತುದು. ಆ ಉಪಕಾರವನ್ನು ಮರೆತು ಮುಂದಿನ ಮಾತನ್ನು ಆಡುವುದು ನ್ಯಾಯವಲ್ಲ.

ಒಂದು ಸಂಜೆ ಅವನು ತಾನು ಬರೆದಿಟ್ಟಿದ್ದ ಪದಗಳನ್ನು ಅಜ್ಜಿಗೆ ಓದಿ ಹೇಳಿದನು. ಎರಡನೆಯ ಸಾಲಿಗೇ ಆಕೆ ಕೈಯೆತ್ತಿ ನಿಲ್ಲಿಸಿದಳು. “ಹಂಗಲ್ಲಪ್ಪಾ, ಅಲ್ಲಿ ಉಸಿರು ಐತೆ. ನಿಂತು ಹೋಗ್ಬೇಕು,” ಎಂದಳು. ಮುಂದಿನ ಪದದಲ್ಲಿಯೂ ಹಾಗೆಯೇ ಆಯಿತು; ಅದರ ಮುಂದಿನದರಲ್ಲಿಯೂ. ಬರೆಯುವಾಗ ಅವನು ಉಸಿರನ್ನು ಗುರುತಿಸಿಯೇ ಇದ್ದನು. ಹಾಗಾದರೆ ಆ ಗುರುತು ಎಲ್ಲಿ ಹೋಯಿತು?

ಇಲ್ಲಿ ಕನ್ನಡ ಲಿಪಿಯ ಒಂದು ಸೂಕ್ಷ್ಮವನ್ನು ಹೇಳಬೇಕಾಗಿದೆ. 1991ರಲ್ಲಿ ಹೊರಟ ಯೂನಿಕೋಡ್ ಎಂಬ ಜಾಗತಿಕ ಲಿಪಿಸಂಕೇತದ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ವಿಭಾಗವು ದೊರೆಯಿತು. ಅದರ ಪದ್ಧತಿಯಂತೆ, ಅರ್ಧಾಕ್ಷರದ ಮುಂದೆ ಮತ್ತೊಂದು ವ್ಯಂಜನವು ಬಂದರೆ ಎರಡೂ ಕೂಡಿ ತಾವಾಗಿಯೇ ಒತ್ತಕ್ಷರವಾಗುವುವು. ಕೂಡಬಾರದೆಂದಿದ್ದರೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಇಡಬೇಕು. ‘ರಾಜ್‌ಕುಮಾರ್’ ಎಂದು ಅಚ್ಚಾಗಿರುವಲ್ಲಿ ಜಕಾರ ಕಕಾರಗಳ ಮಧ್ಯೆ ಅದೇ ಕುಳಿತಿರುವುದು. ಅದನ್ನು ಕಿತ್ತರೆ ಅದೇ ಹೆಸರು ‘ರಾಜ್ಕುಮಾರ್’ ಎಂದಾಗುವುದು. ಅಜ್ಜಿಯು ಪದದ ನಡುವೆ ಎಲ್ಲಿ ಗಂಟಲನ್ನು ತಡೆದು ಮುಂದಕ್ಕೆ ಹೋಗುತ್ತಿದ್ದಳೋ ಅಲ್ಲಿ ತರುಣನು ಆ ಸಂಕೇತವನ್ನು ಇಟ್ಟು ‘ನೋಡ್‌ಕೊಂಡು’ ಎಂದು ಬರೆಯುತ್ತಿದ್ದನು. ಅವನ ಸಜ್ಜಿನಲ್ಲಿಯಾದರೋ, ಫೈಲನ್ನು ಉಳಿಸುವಾಗಲೆಲ್ಲ ಸಾಲಿನ ಕೊನೆಯ ವ್ಯರ್ಥ ತೆರಪುಗಳನ್ನೂ ಕಾಣದ ಸಂಕೇತಗಳನ್ನೂ ಗುಡಿಸಿಹಾಕಬೇಕೆಂಬ ಒಂದು ಅಪ್ಪಣೆಯಿತ್ತು. ಅದು ತನ್ನ ಕೆಲಸವನ್ನು ಪ್ರತಿಸಂಜೆಯೂ ತಪ್ಪದೆ ಮಾಡಿತ್ತು. ‘ನೋಡ್ಕೊಂಡು’ ಎಂಬುದು ಮಾತ್ರ ಉಳಿದಿತ್ತು, ಉಸಿರು ಹೋಗಿತ್ತು.

ಇದಕ್ಕಿಂತ ಹೆಚ್ಚು ನೋವಿನ ಸಂಗತಿಯು ಇನ್ನೊಂದಿತ್ತು. ‘ಐತೆ’, ‘ಅದಾವೆ’ ಎಂಬ ದಾವಣಗೆರೆಯ ಸೀಮೆಯ ಮಾತುಗಳ ಕೆಳಗೆಲ್ಲ ಸಜ್ಜಿನ ಕಾಗುಣಿತದ ಪರೀಕ್ಷಕವು ಕೆಂಪು ಗೆರೆಯನ್ನು ಎಳೆಯುತ್ತಿತ್ತು. ಆ ಕೆಂಪಿನ ಕಾಟವನ್ನು ತಾಳಲಾರದೆ, ಒಂದು ರಾತ್ರಿ ತರುಣನು ಅದು ತೋರಿಸಿದ ತಿದ್ದುಪಡಿಗಳನ್ನು ಒಟ್ಟಿಗೆ ಒಪ್ಪಿಕೊಂಡುಬಿಟ್ಟಿದ್ದನು. ‘ಐತೆ’ ಎಂಬುದು ‘ಇದೆ’ ಎಂದಾಯಿತು. ‘ಅದಾವೆ’ ಎಂಬುದು ‘ಇವೆ’ ಎಂದಾಯಿತು. ಬೀಸುವ ಕೈಗೆ ಹೊಂದಿದ್ದ ಲಯವು ಮುರಿಯಿತು. ಮೊದಲನೆಯ ತಪ್ಪು ಉಪಕರಣದ್ದೆಂದು ಹೇಳಿಕೊಳ್ಳಬಹುದಾಗಿತ್ತು. ಎರಡನೆಯದನ್ನು ಹಾಗೆ ಹೇಳುವುದಕ್ಕೆ ದಾರಿಯಿರಲಿಲ್ಲ. ಅಲ್ಲಿ ಬೆರಳು ಅವನದು.

ಹಾಗಾದರೆ ಸಜ್ಜನ್ನು ಕಟ್ಟಿದವರು ದುಷ್ಟರೋ ಅಜ್ಞರೋ? ಎರಡೂ ಅಲ್ಲ. ಪ್ರೋಗ್ರಾಮುಗಳನ್ನು ಬರೆಯುವವರಿಗೆ ಕಣ್ಣಿಗೆ ಕಾಣದ ಸಂಕೇತವು ನಿಜವಾಗಿಯೂ ಶತ್ರು. ಅದೊಂದು ಎಲ್ಲಿಯೋ ಸೇರಿಕೊಂಡರೆ ಇಡೀ ಪ್ರೋಗ್ರಾಮು ನಿಲ್ಲಬಹುದು, ಕಾರಣವನ್ನು ಹುಡುಕುವುದರಲ್ಲಿ ದಿನಗಳು ಕಳೆಯಬಹುದು. ಅವರ ಮನೆಗೆ ಅದು ಕಸವೇ, ಗುಡಿಸಿದ್ದು ಸರಿಯೇ. ತಪ್ಪಾದುದು ಎಲ್ಲಿಯೆಂದರೆ, ಒಂದು ಮನೆಯಲ್ಲಿ ಕಸವಾದುದು ಮತ್ತೊಂದು ಮನೆಯಲ್ಲಿ ಉಸಿರಾಗಿರಬಹುದೆಂಬುದನ್ನು ಯಾರೂ ಕೇಳದೆ ಹೋದುದರಲ್ಲಿ. ಕೇಳಬೇಕಾಗಿದ್ದವನು ಭಾನುವಳ್ಳಿಯಲ್ಲಿದ್ದವನೇ ಹೊರತು ದೂರದೇಶದಲ್ಲಿದ್ದವರಲ್ಲ. ಏತಕ್ಕೆಂದರೆ ಅಜ್ಜಿಯ ದನಿಯು ಅವನೊಬ್ಬನ ಕಿವಿಗೆ ಮಾತ್ರ ಬೀಳುತ್ತಿತ್ತು.

ಇದರಿಂದ ಮೊದಲನೆಯ ತತ್ತ್ವವೊಂದು ಹೊರಡುವುದು. ಸಿದ್ಧ ಸಜ್ಜೆಂಬುದು ಬರಿಯ ಅನುಕೂಲಗಳ ಮೊತ್ತವಲ್ಲ. ಅದು ನಿರ್ಣಯಗಳ ಮೊತ್ತ. ಯಾವುದು ಬೇಕು, ಯಾವುದು ಬೇಡ, ಯಾವುದು ಶುದ್ಧ, ಯಾವುದು ಅಶುದ್ಧ ಎಂಬುದನ್ನು ಮತ್ತೊಬ್ಬರು ಮೊದಲೇ ತೀರ್ಮಾನಿಸಿರುತ್ತಾರೆ. ಆ ತೀರ್ಮಾನಗಳು ಮಾತಿನ ರೂಪದಲ್ಲಿ ಬಂದಿದ್ದರೆ ಓದುವವನು ಒಪ್ಪುತ್ತಿದ್ದನು, ಇಲ್ಲವೆ ವಾದಿಸುತ್ತಿದ್ದನು. ಅವು ವಸ್ತುವಿನ ರೂಪದಲ್ಲಿ ಬರುವುದರಿಂದ ವಾದವೇ ಏಳುವುದಿಲ್ಲ. ಅವನು ಒಪ್ಪಿದನೆಂದು ಹೇಳುವಂತಿಲ್ಲ. ಆದರೂ ಒಪ್ಪಿದವನಂತೆಯೇ ನಡೆಯುತ್ತಾನೆ.

ಕನ್ನಡಿಗರಿಗೆ ಈ ಅನುಭವವು ಬೇರೊಂದು ದಾರಿಯಿಂದ ಹಿಂದೆಯೇ ಬಂದಿದೆ. ಕಂಪ್ಯೂಟರಿನಲ್ಲಿ ಕನ್ನಡವು ನೆಲೆಗೊಳ್ಳುವುದಕ್ಕೆ ದುಡಿದವರು ಹಲವರು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಕೆಲವೇ ಕೀಲಿಗಳಿಂದ ಕನ್ನಡದ ಸಮಸ್ತ ಒತ್ತಕ್ಷರಗಳನ್ನೂ ಮೂಡಿಸುವ ಮಿತವ್ಯಯಕ್ಕೆ ಒಳ್ಳೆಯ ನಿದರ್ಶನ, ಶೇಷಾದ್ರಿವಾಸು ಅವರ ‘ಬರಹ’ವು 1998ರಲ್ಲಿ ಬಂದಿತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯು ಕಛೇರಿಗಳಲ್ಲಿಯೂ ಅಚ್ಚುಕೂಟಗಳಲ್ಲಿಯೂ ಹರಡಿತು. ಇವರೆಲ್ಲರ ಉಪಕಾರವು ದೊಡ್ಡದು. ಆದರೆ ಯೂನಿಕೋಡ್ ಬಳಕೆಗೆ ಬರುವುದಕ್ಕೆ ಮುಂಚಿನ ಆ ದಿನಗಳಲ್ಲಿ ಅಕ್ಷರದ ಅಚ್ಚು ಬದಲಾದರೆ ಅದರ ಸಂಕೇತವೂ ಬದಲಾಗುತ್ತಿತ್ತು. ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ತೆರೆದರೆ ಕಗ್ಗವಾಗಿ ಕಾಣುತ್ತಿತ್ತು. ಬರೆದವನು ತನ್ನ ಬರಹಕ್ಕೆ ಒಡೆಯನಾಗಿದ್ದರೂ ಅದನ್ನು ಓದುವ ಬೀಗದಕೈಯು ಮತ್ತೊಬ್ಬರ ಬಳಿಯಲ್ಲಿತ್ತು. ಈಗಲೂ ಹಳೆಯ ಫೈಲುಗಳನ್ನು ಪರಿವರ್ತಿಸಿಕೊಳ್ಳಬೇಕಾಗಿ ಬಂದಾಗ ಜನರು ಆ ಕಾಲವನ್ನು ನೆನೆಯುವುದುಂಟು.

ಭಾನುವಳ್ಳಿಯ ತರುಣನು ಈ ಬಗೆಯಾಗಿ ಯೋಚಿಸಿ, ಸಿದ್ಧ ಸಜ್ಜನ್ನು ಬಿಟ್ಟು, ಈಮ್ಯಾಕ್ಸನ್ನು ಬರಿದಾಗಿ ತೆರೆದನು. ಯಾವ ಹೊಂದಾಣಿಕೆಯನ್ನೂ ಓದದೆ ಬರಿಯ ಎಡಿಟರಾಗಿ ಏಳೆಂದು ಹೇಳುವುದಕ್ಕೆ ಅದರಲ್ಲಿಯೇ ಒಂದು ಅಪ್ಪಣೆಯಿದೆ. ಎದುರಿಗೆ ಬಿಳಿಯ ಹಾಳೆಯಂತಹ ಪರದೆ; ಬಣ್ಣವಿಲ್ಲ, ಪಟ್ಟಿಯಿಲ್ಲ, ಸೂಚನೆಯಿಲ್ಲ. ಅವನು ಒಂದು ನಿಯಮವನ್ನು ಮಾಡಿಕೊಂಡನು: ಯಾವ ಕೊರತೆಯಿಂದ ಕೆಲಸವು ನಿಜವಾಗಿ ನಿಲ್ಲುವುದೋ ಅದಕ್ಕೆ ಮಾತ್ರ ಒಂದು ಸಾಲನ್ನು ಬರೆಯತಕ್ಕದ್ದು, ಬರೆದ ಸಾಲಿನ ಮೇಲೆ ಅದೇಕೆ ಬಂದಿತೆಂಬುದನ್ನು ಕನ್ನಡದಲ್ಲಿ ಹೇಳತಕ್ಕದ್ದು. ಮೊದಲನೆಯ ಸಾಲು ಕನ್ನಡವನ್ನು ಬರೆಯುವ ಕ್ರಮಕ್ಕೆ. ಈಮ್ಯಾಕ್ಸಿನೊಳಗೆ ಕನ್ನಡದ ಇನ್‌ಸ್ಕ್ರಿಪ್ಟ್ ವಿನ್ಯಾಸವೂ, ರೋಮನ್ ಅಕ್ಷರಗಳಿಂದ ಕನ್ನಡವನ್ನು ಮೂಡಿಸುವ ವಿಧಾನವೂ ಮೊದಲಿನಿಂದಲೇ ಅಡಗಿರುವುದನ್ನು ಅವನು ಆಗಲೇ ತಿಳಿದುದು. ಎರಡನೆಯದು ಕಣ್ಣಿಗೆ ಹಿತವಾದ ಕನ್ನಡದ ಅಚ್ಚಿಗೆ. ಮೂರನೆಯದು ಉದ್ದವಾದ ಸಾಲನ್ನು ಪದದ ನಡುವೆ ಕತ್ತರಿಸದೆ ಮಡಿಸುವುದಕ್ಕೆ. ನಾಲ್ಕನೆಯದು, ಕಾಣದ ಸಂಕೇತವು ಇರುವೆಡೆಯಲ್ಲಿ ಒಂದು ಸಣ್ಣ ಗುರುತನ್ನು ತೋರಿಸುವುದಕ್ಕೆ. ಐದನೆಯದು ಹಿಂದಿನ ಪ್ರತಿಗಳನ್ನು ಅಳಿಸದೆ ಇಡುವುದಕ್ಕೆ. ಮೊದಲು ಸಾವಿರಾರು ಸಾಲುಗಳು ಮಾಡುತ್ತಿದ್ದ ಕೆಲಸದಲ್ಲಿ ಅವನಿಗೆ ಬೇಕಾಗಿದ್ದುದು ಇಪ್ಪತ್ತು ಸಾಲುಗಳೊಳಗೆ ಮುಗಿಯಿತು.

ಇದನ್ನು ಕೇಳಿದವರು ಎರಡು ಆಕ್ಷೇಪಗಳನ್ನು ತರಬಹುದು. ಎರಡೂ ಬಲವಾದವು.

ಮೊದಲನೆಯದು ಇದು. ಎಲ್ಲವನ್ನೂ ತಾನೇ ಅರಿಯಬೇಕೆನ್ನುವವನು ಏನನ್ನೂ ಮಾಡಿ ಮುಗಿಸಲಾರನು. ಹರಿಹರ ತಾಲ್ಲೂಕಿನಲ್ಲಿ ಭತ್ತವನ್ನು ಬೆಳೆಯುವ ರೈತನು ಲಕ್ಕವಳ್ಳಿಯ ಬಳಿ ಭದ್ರೆಗೆ ಅಡ್ಡವಾಗಿ ಕಟ್ಟಿದ ಅಣೆಯ ಗಣಿತವನ್ನು ಬಲ್ಲನೇ? ನಾಲೆಯಲ್ಲಿ ನೀರು ಬಂದರೆ ಸಾಕು, ನಾಟಿಗೆ ಇಳಿಯುತ್ತಾನೆ. ಹಾಗಿರುವಲ್ಲಿ ಬರೆಯುವವನು ತನ್ನ ಎಡಿಟರಿನ ಒಳಗನ್ನು ಏಕೆ ಅರಿಯಬೇಕು?

ಮಾತು ಸರಿ. ಆದರೆ ಅದೇ ರೈತನನ್ನು ಇನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಅಣೆಯ ಗಣಿತವನ್ನು ಅರಿಯದ ಅವನು ತನ್ನ ಗದ್ದೆಯ ಬದುವಿನಲ್ಲಿ ನೀರು ಒಳಕ್ಕೆ ಬರುವ ಬಾಯನ್ನೂ ಹೊರಕ್ಕೆ ಹೋಗುವ ಬಾಯನ್ನೂ ಅಂಗೈಯ ಗೆರೆಯಂತೆ ಬಲ್ಲನು. ಅಲ್ಲಿ ಒಂದು ಗುದ್ದಲಿ ಮಣ್ಣು ಹೆಚ್ಚು ಬಿದ್ದರೂ ಕೆಳಗಿನ ಗದ್ದೆಯವನ ಪೈರು ಒಣಗುವುದೆಂದು ಅವನಿಗೆ ಗೊತ್ತು. ನಡುರಾತ್ರಿಯಲ್ಲಿ ಎದ್ದು ಹೋಗಿ ನೋಡಿಬರುವುದು ಅಣೆಯನ್ನಲ್ಲ, ಆ ಬಾಯನ್ನು. ಹರಿಹರದ ಲೇತುಗಳ ಮಾತೂ ಹೀಗೆಯೇ. 1941ರಲ್ಲಿ ಅಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಬಹುಕಾಲ ಲೇತು ಯಂತ್ರಗಳನ್ನು ಮಾಡಿ ದೇಶಕ್ಕೆ ಕೊಟ್ಟಿತು. ಕಾರ್ಖಾನೆಯು ಈಗ ನಡೆಯುತ್ತಿಲ್ಲ. ಲೇತನ್ನು ಕೊಂಡ ಕೆಲಸಗಾರನು ಯಂತ್ರವನ್ನು ತಾನು ಎರಕಹೊಯ್ಯುತ್ತಿರಲಿಲ್ಲ. ಆದರೆ ಕಬ್ಬಿಣವನ್ನು ತರಿಯುವ ಉಳಿಯ ಮೊನೆಯನ್ನು ಸಾಣೆಗೆ ಹಿಡಿದು, ಆ ದಿನದ ಕೆಲಸಕ್ಕೆ ತಕ್ಕ ಕೋನವನ್ನು ತಾನೇ ಕೊಡುತ್ತಿದ್ದನು. ಹಿತ್ತಾಳೆಗೆ ಒಂದು ಕೋನ, ಉಕ್ಕಿಗೆ ಇನ್ನೊಂದು. ಕೆಲಸವು ಉಪಕರಣಕ್ಕೆ ತಗಲುವ ಆ ಕೂದಲೆಳೆಯಷ್ಟು ಜಾಗವನ್ನು ಮತ್ತೊಬ್ಬರಿಗೆ ಬಿಟ್ಟುಕೊಟ್ಟ ಕುಶಲಿಯು ಯಾವ ಕಸುಬಿನಲ್ಲಿಯೂ ಸಿಕ್ಕುವುದಿಲ್ಲ.

ಆದುದರಿಂದ ಅರಿಯಬೇಕಾದುದು ಎಲ್ಲವೂ ಅಲ್ಲ. ಯಾವ ಸ್ಥಳದಲ್ಲಿ ಒಬ್ಬನ ಹೊಣೆಯು ಉಪಕರಣದ ಮೂಲಕ ಹಾದುಹೋಗುವುದೋ ಆ ಸ್ಥಳವನ್ನು ಅವನು ಅರಿತಿರಬೇಕು. ಅಜ್ಜಿಯ ಮಾತನ್ನು ಬರೆದುಕೊಳ್ಳುವವನ ಹೊಣೆಯು ಅಕ್ಷರದಲ್ಲಿದೆ. ಪರದೆಯು ಹೇಗೆ ಬೆಳಗುವುದೆಂಬುದನ್ನು ಅವನು ಅರಿಯದಿದ್ದರೆ ದೋಷವಿಲ್ಲ. ತಾನಿಟ್ಟ ಅಕ್ಷರವು ಬೆಳಗಾಗುವವರೆಗೆ ಹಾಗೆಯೇ ಇರುವುದೋ ಇಲ್ಲವೋ ಎಂಬುದನ್ನು ಅರಿಯದಿದ್ದರೆ ದೋಷವಿದೆ.

ಎರಡನೆಯ ಆಕ್ಷೇಪವು ಇದಕ್ಕಿಂತ ತೀಕ್ಷ್ಣವಾದುದು. ಪ್ರತಿಯೊಬ್ಬನೂ ತನ್ನದೇ ಸಜ್ಜನ್ನು ಕಟ್ಟಿಕೊಂಡರೆ ಮನುಷ್ಯರು ಒಬ್ಬರಿಂದೊಬ್ಬರು ದೂರವಾಗುವರು, ಸ್ವಂತವೆಂಬುದು ಹೆಮ್ಮೆಯಾಗುವುದು, ಹೆಮ್ಮೆಯು ಹೊರೆಯಾಗುವುದು. ಇದಕ್ಕೆ ಈಮ್ಯಾಕ್ಸಿನ ಜನ್ಮವೃತ್ತಾಂತವೇ ಸಾಕ್ಷಿ. ಎಂ.ಐ.ಟಿ.ಯಲ್ಲಿ ಅದಕ್ಕೆ ಮುಂಚೆ ಟೀಕೋ ಎಂಬ ಎಡಿಟರಿತ್ತು. ಅಲ್ಲಿಯ ಜಾಣರು ಒಬ್ಬೊಬ್ಬರೂ ತಮತಮಗೆ ಬೇಕಾದ ಅಪ್ಪಣೆಗಳ ಕಟ್ಟುಗಳನ್ನು ಮಾಡಿಕೊಂಡಿದ್ದರು. ಕಡೆಗೆ ಒಬ್ಬನ ಯಂತ್ರದ ಮುಂದೆ ಇನ್ನೊಬ್ಬನು ಕುಳಿತರೆ ಯಾವ ಕೀಲಿಯು ಏನನ್ನು ಮಾಡುವುದೆಂದೇ ತಿಳಿಯದಂತಾಯಿತು. ಆ ಗೊಂದಲವನ್ನು ನೀಗುವುದಕ್ಕಾಗಿಯೇ ಗೈ ಸ್ಟೀಲ್, ಸ್ಟಾಲ್‌ಮನ್ ಮೊದಲಾದವರು ಆ ಬಿಡಿ ಕಟ್ಟುಗಳನ್ನು ಕೂಡಿಸಿ ಎಲ್ಲರಿಗೂ ಸಮಾನವಾದ ಒಂದನ್ನು ಮಾಡಿದರು, ಅದೇ ಈಮ್ಯಾಕ್ಸ್. ಎಂದರೆ, ಸ್ವಂತ ಸಜ್ಜುಗಳ ಅತಿಯಿಂದ ಬೇಸತ್ತು ಹುಟ್ಟಿದ ಸಿದ್ಧ ಸಜ್ಜು ಅದು. ಅದನ್ನು ಮತ್ತೆ ಸ್ವಂತವಾಗಿಸಿಕೊಳ್ಳುವವನು ಹಳೆಯ ಚಕ್ರವನ್ನೇ ತಿರುಗಿಸುವನಲ್ಲವೇ?

ಇಷ್ಟೇ ಅಲ್ಲ. ಸ್ವಂತದ್ದೆಂಬ ಮಾತ್ರಕ್ಕೆ ಸಜ್ಜು ಚಿಕ್ಕದಾಗಿ ಉಳಿಯುವುದಿಲ್ಲ. ವರ್ಷ ವರ್ಷಕ್ಕೂ ಒಂದೊಂದು ಸಾಲು ಸೇರಿ, ಯಾವುದು ಏಕಿದೆಯೆಂಬುದು ಬರೆದವನಿಗೇ ಮರೆತುಹೋಗಿ, ಕಡೆಗೆ ಎಲ್ಲವನ್ನೂ ಎಸೆದು ಮೊದಲಿನಿಂದ ಆರಂಭಿಸುವ ಸ್ಥಿತಿಯು ಬರುವುದು. ಈಮ್ಯಾಕ್ಸಿನ ಬಳಕೆದಾರರು ಇದನ್ನು ‘ದಿವಾಳಿ ತೆಗೆಯುವುದು’ ಎಂದೇ ಕರೆಯುತ್ತಾರೆ. ದಾವಣಗೆರೆಯಂತಹ ವ್ಯಾಪಾರದ ಊರಿನವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಅಂಗಡಿಯು ಮುಳುಗುವುದು ಸರಕು ಕಡಮೆಯಾದುದರಿಂದಲೇ ಅಲ್ಲ. ಲೆಕ್ಕಕ್ಕೆ ಸಿಕ್ಕದ ಸರಕು ಹೆಚ್ಚಾದುದರಿಂದಲೂ ಮುಳುಗುವುದು.

ಆಕ್ಷೇಪವನ್ನು ಹೀಗೆ ಪೂರ್ತಿಯಾಗಿ ಕೇಳಿದ ಮೇಲೆ, ಒಳ್ಳೆಯದು ಯಾವುದೆಂಬುದು ಸ್ವಲ್ಪ ಸ್ಪಷ್ಟವಾಗುವುದು. ಸ್ವಂತದ್ದಾಗಿರುವುದರಲ್ಲಿಯೇ ಗುಣವಿಲ್ಲ, ಚಿಕ್ಕದಾಗಿರುವುದರಲ್ಲಿಯೂ ಗುಣವಿಲ್ಲ. ಗುಣವಿರುವುದು ಲೆಕ್ಕದಲ್ಲಿ. ತನ್ನ ಬಳಿಯಲ್ಲಿರುವ ಒಂದೊಂದು ವಸ್ತುವಿಗೂ ಇದು ಇಲ್ಲಿ ಏಕಿದೆಯೆಂದು ಕೇಳಿದರೆ ಉತ್ತರವನ್ನು ಕೊಡಬಲ್ಲವನ ಸಜ್ಜು, ಐದು ಸಾಲಿನದಾಗಲಿ ಐನೂರು ಸಾಲಿನದಾಗಲಿ, ನ್ಯಾಯವಾದ ಸಜ್ಜು. ದೀಪಾವಳಿಯಲ್ಲಿ ವರ್ತಕರು ಹೊಸ ಖಾತೆಯ ಪುಸ್ತಕವನ್ನು ತೆರೆಯುವಾಗ ಹಳೆಯದನ್ನು ಸುಟ್ಟುಹಾಕುವುದಿಲ್ಲ. ನಿಂತಿರುವ ಬಾಕಿಯನ್ನು ಒಂದೊಂದಾಗಿ ನೋಡಿ, ನಿಜವಾದುದನ್ನು ಮಾತ್ರ ಹೊಸದಕ್ಕೆ ಎಳೆದುಕೊಳ್ಳುತ್ತಾರೆ. ಮಿತವೆಂಬುದಕ್ಕೆ ಇದೇ ಅರ್ಥ. ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಅರಿಯದ ಕನ್ನಡಿಗರು ವಿರಳ. ಗಂಡನಾದ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಕೆಯು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳೆಂದು ಪ್ರತೀತಿ. ಆಕೆಯು ಬಡತನವನ್ನು ಹೊಗಳಿದವಳಲ್ಲ. ಅಕ್ಕಿಯ ಲೆಕ್ಕವನ್ನು ಕೇಳಿದವಳು. ಆ ದಿನದ ದಾಸೋಹಕ್ಕೆ ಎಷ್ಟು ಬೇಕೆಂಬುದು ಆಕೆಗೆ ತಿಳಿದಿತ್ತು.

ಇಲ್ಲಿಗೆ ವಿಚಾರವನ್ನು ನಿಲ್ಲಿಸಿದ್ದರೆ ಭಾನುವಳ್ಳಿಯ ತರುಣನು ಗೆದ್ದನೆಂದು ಹೇಳಬೇಕಾಗಿತ್ತು. ಅವನ ವೃತ್ತಾಂತವು ಅಲ್ಲಿಗೆ ಮುಗಿಯಲಿಲ್ಲ.

ಬರಿಯ ಎಡಿಟರನ್ನು ತೆರೆದ ದಿನದಿಂದ ಇಪ್ಪತ್ತನೆಯ ಸಾಲನ್ನು ಬರೆಯುವವರೆಗೆ ಅವನಿಗೆ ಮೂರು ತಿಂಗಳು ಹಿಡಿಯಿತು. ಇಪ್ಪತ್ತು ಸಾಲನ್ನು ಬರೆಯುವುದಕ್ಕೆ ಮೂರು ತಿಂಗಳೇ? ಬರೆಯುವುದಕ್ಕಲ್ಲ, ಬರೆದು, ಅಳಿಸಿ, ಇನ್ನೂ ಚಿಕ್ಕದಾಗಿ ಬರೆದು, ಅಚ್ಚನ್ನು ಬದಲಿಸಿ, ಮತ್ತೆ ಮೊದಲಿನದನ್ನೇ ಇಟ್ಟು, ಹೀಗೆ ಸಂಜೆಗಳು ಕಳೆದುವು. ಅಜ್ಜಿಯು ಕಟ್ಟೆಯ ಮೇಲೆ ಕುಳಿತು ಕಾಯುತ್ತಿದ್ದಳು. ಒಂದು ಸಂಜೆ ಆಕೆಯೇ ಬಾಗಿಲಿಗೆ ಬಂದು, “ಹಾಡು ನನ್ನ ಬಾಯಾಗೈತಪ್ಪಾ. ನಿನ್ನ ಪೆಟ್ಟಿಗೆ ಸರಿಯಾಗೋತನಕ ಅದು ಕಾಯ್ತೈತೇನು?” ಎಂದು ಕೇಳಿದಳು. ಇನ್ನೆರಡು ದಿನ ಅಜ್ಜಿ, ಎಂದು ಅವನು ಹೇಳಿದನು. ಆ ಬೇಸಗೆಯ ಕೊನೆಯಲ್ಲಿ ಆಕೆಗೆ ಪಾರ್ಶ್ವವಾಯು ಬಡಿಯಿತು. ಜೀವವು ಉಳಿಯಿತು; ನಾಲಗೆಯು ತೊದಲಿತು. ಈಗ ಪದದ ಮೊದಲನ್ನು ಎತ್ತಿಕೊಟ್ಟರೆ ಆಕೆಯ ಎಡಗೈಯು ತೊಡೆಯ ಮೇಲೆ ಬೀಸುಕಲ್ಲಿನ ಲಯವನ್ನು ತಟ್ಟುವುದು. ಮಾತು ಮಾತ್ರ ಬರುವುದಿಲ್ಲ.

ಸ್ವಂತ ಸಜ್ಜು ಸಿದ್ಧವಾದಾಗ ಹಾಡುವವಳು ಸಿದ್ಧಳಾಗಿರಲಿಲ್ಲ. ಆ ಮೂರು ತಿಂಗಳಿನಲ್ಲಿ ಒಂದು ಎಕ್ಸರ್‌ಸೈಜು ಪುಸ್ತಕವೂ ಒಂದು ಸೀಸದ ಕಡ್ಡಿಯೂ ಸಾಕಾಗಿದ್ದುವು. ಉಸಿರನ್ನು ಅಳಿಸುವ ಶಕ್ತಿ ಸೀಸದ ಕಡ್ಡಿಗೆ ಇಲ್ಲ.

ಹಾಗಾದರೆ ಅವನು ಸಿದ್ಧ ಸಜ್ಜಿನಲ್ಲಿಯೇ ಮುಂದುವರಿಯಬೇಕಾಗಿತ್ತೇ? ಅಲ್ಲಿಯೂ ಉಸಿರು ಉಳಿಯುತ್ತಿರಲಿಲ್ಲ. ಬಿಡಬೇಕೆಂಬ ಅವನ ನಿರ್ಣಯವು ತಪ್ಪಾಗಿರಲಿಲ್ಲ. ಬಿಟ್ಟ ಮೇಲೆ ಅವನ ಕಣ್ಣು ಹಾಡಿನಿಂದ ಕದಲಿ ಉಪಕರಣದ ಮೇಲೆ ನೆಟ್ಟುದು ತಪ್ಪಾಯಿತು. ಮೊದಲು ಅವನು ಉಪಕರಣವನ್ನು ನೋಡದೆ ಹೋದನು. ಆಮೇಲೆ ಉಪಕರಣವನ್ನಲ್ಲದೆ ಬೇರೇನನ್ನೂ ನೋಡದೆ ಹೋದನು. ಎರಡೂ ವೇಳೆಯಲ್ಲಿ ಮರೆಯಾದವಳು ಅಜ್ಜಿಯೇ. ಅವನು ಪ್ರತಿಯೊಂದು ಸಾಲಿನ ಲೆಕ್ಕವನ್ನೂ ಇಟ್ಟನು, ಸಂಜೆಗಳ ಲೆಕ್ಕವನ್ನು ಇಡಲಿಲ್ಲ. ಮಿತವೆಂಬುದು ವಸ್ತುಗಳಿಗೆ ಮಾತ್ರ ಸಲ್ಲುವ ಧರ್ಮವಲ್ಲ. ಮಿತವನ್ನು ಸಾಧಿಸುವುದಕ್ಕಾಗಿ ವ್ಯಯಮಾಡುವ ಕಾಲಕ್ಕೂ ಅದು ಸಲ್ಲಬೇಕು. ಲೆಕ್ಕದ ಪುಸ್ತಕವನ್ನು ಅಂದವಾಗಿ ಬರೆಯುತ್ತ ಕುಳಿತು ಅಂಗಡಿಗೆ ಬಂದವರನ್ನು ಹಿಂದಕ್ಕೆ ಕಳುಹಿಸಿದ ವರ್ತಕನನ್ನು ಯಾರೂ ಜಾಣನೆನ್ನುವುದಿಲ್ಲ.

ಇನ್ನು ಋಣದ ಮಾತೊಂದು ಉಳಿದಿದೆ. ಸಿದ್ಧವಾದುದನ್ನು ಬಳಸಿ ಕಲಿತು, ಅದನ್ನು ಬಿಟ್ಟುಹೋಗುವವನು ಅದಕ್ಕೆ ಏನನ್ನಾದರೂ ಸಲ್ಲಿಸಬೇಕೋ ಬೇಡವೋ? ಮೊದಲಿನ ಈಮ್ಯಾಕ್ಸನ್ನು ಹಂಚುವಾಗ ಸ್ಟಾಲ್‌ಮನ್ನರು, ಅದರಲ್ಲಿ ಮಾಡಿಕೊಂಡ ಸುಧಾರಣೆಗಳನ್ನು ತಮಗೆ ಹಿಂದಿರುಗಿಸಬೇಕೆಂದು ಕೇಳಿಕೊಂಡಿದ್ದರು. 2023ರ ಆಗಸ್ಟಿನಲ್ಲಿ ತೀರಿಕೊಂಡ ಮೂಲೆನಾರರು ತಮ್ಮ ವಿಮ್‌ಗೆ ಬೆಲೆಯನ್ನು ಕೇಳದೆ, ಮನಸ್ಸಿದ್ದವರು ಉಗಾಂಡದ ಅನಾಥ ಮಕ್ಕಳಿಗೆ ನೆರವಾಗಲಿ ಎಂದು ಕೇಳಿದ್ದರು. ಇಬ್ಬರ ಮಾತಿನ ತಾತ್ಪರ್ಯವೂ ಒಂದೇ: ಪಡೆದುದನ್ನು ಪಡೆದ ಕಡೆಗೇ ಆಗಲಿ ಬೇರೆ ಕಡೆಗೇ ಆಗಲಿ ಮುಂದಕ್ಕೆ ಸಾಗಿಸಬೇಕು. ಸಿದ್ಧ ಸಜ್ಜನ್ನು ಹಳಿದು ಹೊರಟುಹೋಗುವವನು ತನ್ನ ಹಿಂದೆ ಅದೇ ಹಳ್ಳವನ್ನು ಮತ್ತೊಬ್ಬನಿಗಾಗಿ ಬಿಟ್ಟುಹೋಗುವನು. ಹಳ್ಳವಿದೆಯೆಂದು ತಿಳಿಸುವುದು ಅವನು ಸಲ್ಲಿಸಬಹುದಾದ ಕನಿಷ್ಠ ಋಣ.

ತರುಣನು ಇದನ್ನು ತಡವಾಗಿಯಾದರೂ ಮಾಡಿದನು. ಸಜ್ಜನ್ನು ಕಟ್ಟಿದವರಿಗೆ ಒಂದು ಪತ್ರವನ್ನು ಬರೆದು, ಕನ್ನಡದಲ್ಲಿ ಆ ಕಾಣದ ಸಂಕೇತದ ಕೆಲಸವೇನು, ಅದನ್ನು ಗುಡಿಸಿದರೆ ಏನು ಕೆಡುವುದು ಎಂಬುದನ್ನು ‘ನೋಡ್‌ಕೊಂಡು’ ಎಂಬ ಪದದ ಎರಡು ರೂಪಗಳೊಡನೆ ವಿವರಿಸಿದನು. ಪತ್ರದಲ್ಲಿ ದೂರುವ ಮಾತು ಒಂದೂ ಇರಲಿಲ್ಲ. ಮೂರು ವರ್ಷದ ಉಪಕಾರಕ್ಕೆ ವಂದನೆಯಿತ್ತು. ಕಾಲೇಜಿಗೆ ಹೋಗುವ ಅವನ ತಂಗಿಯು ಈಗಲೂ ಆ ಸಿದ್ಧ ಸಜ್ಜಿನಲ್ಲಿಯೇ ಪ್ರೋಗ್ರಾಮುಗಳನ್ನು ಬರೆಯುತ್ತಾಳೆ. ಆಕೆಯ ಕೆಲಸಕ್ಕೆ ಅದು ತಕ್ಕುದು. ಅದನ್ನು ಬಿಡೆಂದು ಅವನು ಆಕೆಗೆ ಹೇಳಲಿಲ್ಲ.

ಬರೆದಿಟ್ಟಿದ್ದ ಅರುವತ್ತು ಪದಗಳಲ್ಲಿ ಅಜ್ಜಿಯ ಬಾಯಿಂದಲೇ ಕೇಳಿ ತಿದ್ದಿದವು ಹದಿನಾಲ್ಕು. ಅವುಗಳಲ್ಲಿ ‘ಐತೆ’ ಎಂಬುದು ‘ಐತೆ’ ಎಂದೇ ಇದೆ, ಉಸಿರು ತನ್ನ ಸ್ಥಾನದಲ್ಲಿದೆ. ಉಳಿದ ನಲವತ್ತಾರರ ಮೇಲೆ, ಇವು ತಿದ್ದದವು, ಇವುಗಳ ಉಸಿರು ತಿಳಿಯದು, ಎಂದು ಅವನು ಬರೆದಿಟ್ಟಿದ್ದಾನೆ. ತಿಳಿದಂತೆ 마ಡಿ ಊಹೆಯಿಂದ ಸಂಕೇತವನ್ನು ಇಡುವುದು ಸುಲಭವಾಗಿತ್ತು. ಓದುವವರಿಗೆ ಗೊತ್ತಾಗುತ್ತಲೂ ಇರಲಿಲ್ಲ. ಅವನು ಇಡಲಿಲ್ಲ. ಸಂಜೆಯ ಹೊತ್ತು ಈಗ ಅವನು ಕಂಪ್ಯೂಟರನ್ನು ಮುಚ್ಚಿ, ಓಣಿಯ ಕೊನೆಯ ಮನೆಯಲ್ಲಿರುವ ಅಜ್ಜಿಯ ಓರಗೆಯ ಇನ್ನೊಬ್ಬ ಮುದುಕಿಯ ಬಳಿಗೆ ಹೋಗುತ್ತಾನೆ. ಕೈಯಲ್ಲಿ ಎಕ್ಸರ್‌ಸೈಜು ಪುಸ್ತಕವಿರುತ್ತದೆ.